ಬಿಚ್ಚುವ ಕ್ರಮ, ಕೂರಿಸುವ ಕ್ರಮ: ಹಳೆಯ ಮೋಟಾರ್‌ಸೈಕಲ್‌ನ ಮುಂದಿನ ಸ್ಪ್ರಾಕೆಟ್ ಬದಲಿಸುವ ಒಂದು ಕೌಶಲ ಪಾಠ

ಪ್ರೌಢಶಾಲೆಗಳಲ್ಲಿ ವೃತ್ತಿಶಿಕ್ಷಣದ ಭಾಗವಾಗಿ ಆಟೊಮೊಬೈಲ್ ವಿಷಯ ಬಂದ ಮೇಲೆ, ಬೋಧನಾಭ್ಯಾಸಕ್ಕೆ ಹೋಗುವ ವಿಜ್ಞಾನದ ಪ್ರಶಿಕ್ಷಣಾರ್ಥಿಗಳು ಕೆಲವೊಮ್ಮೆ ಆ ತರಗತಿಗಳಲ್ಲೂ ಪಾಠ ಮಾಡುತ್ತಾರೆ. ಅವರ ಪಾಠಯೋಜನೆಗಳನ್ನು ನೋಡುವಾಗ ಒಂದು ಕೊರತೆ ನನಗೆ ಮತ್ತೆ ಮತ್ತೆ ಕಾಣುತ್ತದೆ. ‘ಪ್ರಸ್ತುತಿ’ಯ ಕೆಳಗೆ ಹತ್ತು ಹನ್ನೆರಡು ಹಂತಗಳನ್ನು ಅಚ್ಚುಕಟ್ಟಾಗಿ ಬರೆದಿರುತ್ತಾರೆ. ಯಾವ ಹಂತ ಏಕೆ ಮೊದಲು, ಯಾವುದು ಏಕೆ ಆಮೇಲೆ ಎಂಬ ಮಾತು ಮಾತ್ರ ಇರುವುದಿಲ್ಲ. ಹಂತಗಳನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿ ಅದೊಂದೇ ಗಾಡಿಯನ್ನು ಬಿಚ್ಚಬಲ್ಲ. ಕ್ರಮದ ಕಾರಣ ತಿಳಿದವನು ಬೇರೆ ಗಾಡಿಯ ಮುಂದೆಯೂ ಯೋಚಿಸಬಲ್ಲ. ಇದನ್ನು ಮೋಟಾರ್‌ಸೈಕಲ್‌ನ ಮುಂದಿನ ಸ್ಪ್ರಾಕೆಟ್ ಬದಲಿಸುವ ಪಾಠದ ಮೂಲಕ ವಿವರಿಸುತ್ತೇನೆ.

ವಾಹನದ ಆಯ್ಕೆ

1985ರಲ್ಲಿ ಬಂದ ಹೀರೊ ಹೋಂಡಾ ಸಿಡಿ 100, 1994ರಲ್ಲಿ ಬಂದ ಸ್ಪ್ಲೆಂಡರ್, ಇವುಗಳ ಮಾದರಿಯ ಹಳೆಯ 100 ಸಿಸಿ ಗಾಡಿ ಈ ಪಾಠಕ್ಕೆ ಅನುಕೂಲ. ಅಂಥ ಗಾಡಿ ಊರೂರಲ್ಲಿ ಸಿಗುತ್ತದೆ, ಬಿಡಿಭಾಗವೂ ದುಬಾರಿಯಲ್ಲ. ಮುಂದಿನ ಸ್ಪ್ರಾಕೆಟ್ಟನ್ನು ದೊಡ್ಡ ನಟ್ ಹಿಡಿದಿರುವುದಿಲ್ಲ. ಒಂದು ಲಾಕ್ ಪ್ಲೇಟ್ ಮತ್ತು ಎರಡು ಸಣ್ಣ ಬೋಲ್ಟ್‌ಗಳು ಹಿಡಿದಿರುತ್ತವೆ. ಆದ್ದರಿಂದ ವಿಶೇಷ ಉಪಕರಣ ಬೇಡ. ಹತ್ತು ನಂಬರ್ ಸ್ಪ್ಯಾನರ್, ಹಿಂದಿನ ಆ್ಯಕ್ಸಲ್ ನಟ್ಟಿಗೆ ಹೊಂದುವ ಸ್ಪ್ಯಾನರ್, ನೋಸ್ ಪ್ಲೇಯರ್, ಸ್ಕ್ರೂ ಡ್ರೈವರ್, ಸ್ಕೇಲು, ಸೀಮೆಎಣ್ಣೆ, ಹಳೆ ಬಟ್ಟೆ ಇದ್ದರೆ ಸಾಕು. ಅವಧಿ ಮಾತ್ರ ಎರಡು ಬೇಕು.

ಪೂರ್ವಜ್ಞಾನ: ಎಣಿಸುವುದು, ಅಳೆಯುವುದು

‘ಸ್ಪ್ರಾಕೆಟ್ ಎಂದರೇನು?’ ಎಂದು ಕೇಳಿ ವ್ಯಾಖ್ಯೆ ಬರೆಸುವುದಕ್ಕಿಂತ ಹಲ್ಲು ಎಣಿಸಲು ಹೇಳುವುದು ಮೇಲು. ಮುಂದೆ 14, ಹಿಂದೆ 42 ಸಿಕ್ಕಿತೆನ್ನಿ. ಮುಂದಿನದು ಮೂರು ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು ತಿರುಗುತ್ತದೆ ಎಂದು ಮಕ್ಕಳೇ ಹೇಳುತ್ತಾರೆ. ಮುಂದೆ 15 ಹಲ್ಲಿನದನ್ನು ಹಾಕಿದರೆ? 42ನ್ನು 15ರಿಂದ ಭಾಗಿಸಿದರೆ 2.8. ಎಂಜಿನ್ ಅಷ್ಟೇ ವೇಗದಲ್ಲಿ ತಿರುಗಿದರೂ ಗಾಡಿ ಸುಮಾರು ಶೇ. 7ರಷ್ಟು ಹೆಚ್ಚು ಓಡುತ್ತದೆ, ಆದರೆ ಏರಿನಲ್ಲಿ ಎಳೆಯುವ ಬಲ ಅಷ್ಟೇ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ. ಹೊಸದನ್ನು ತರುವಾಗ ಹಲ್ಲಿನ ಸಂಖ್ಯೆ ಹಳೆಯದರಷ್ಟೇ ಇರಬೇಕೆಂಬ ನಿಯಮ ಹೀಗೆ ಲೆಕ್ಕದಿಂದಲೇ ಹೊರಡುತ್ತದೆ.

ಮುಂದಿನ ಪ್ರಶ್ನೆ ಸವೆತದ್ದು. ಹೊಸ ಸ್ಪ್ರಾಕೆಟ್‌ನ ಹಲ್ಲು ಎರಡೂ ಕಡೆ ಒಂದೇ ಸಮನಾಗಿರುತ್ತದೆ. ಸವೆದದ್ದು ಒಂದು ಕಡೆಗೆ ಬಾಗಿ ಕೊಕ್ಕೆಯಂತೆ ಚೂಪಾಗಿರುತ್ತದೆ. ಎರಡನ್ನೂ ಕೈಯಿಂದ ಕೈಗೆ ದಾಟಿಸಿದರೆ ವಿವರಣೆಯೇ ಬೇಕಾಗುವುದಿಲ್ಲ.

ಚೈನಿನ ಸವೆತ ಕಣ್ಣಿಗೆ ಕಾಣುವುದಿಲ್ಲ, ಅದನ್ನು ಅಳೆಯಬೇಕು. ಈ ಗಾಡಿಗಳ ಚೈನಿನಲ್ಲಿ ಒಂದು ಪಿನ್ನಿನಿಂದ ಪಕ್ಕದ ಪಿನ್ನಿಗೆ ಅರ್ಧ ಇಂಚು, ಅಂದರೆ 12.7 ಮಿ.ಮೀ. ಬಿಗಿಯಾಗಿ ಎಳೆದು ಹಿಡಿದ ಚೈನಿನಲ್ಲಿ 1ನೇ ಪಿನ್ನಿನ ನಡುವಿನಿಂದ 21ನೇ ಪಿನ್ನಿನ ನಡುವಿಗೆ ಹೊಸದಾಗಿದ್ದಾಗ 254 ಮಿ.ಮೀ. ಇರುತ್ತದೆ. ಅದು ಸುಮಾರು 259 ಆಗಿದ್ದರೆ ಚೈನ್ ಶೇ. 2ರಷ್ಟು ಉದ್ದವಾಗಿದೆ, ಬದಲಿಸಲೇಬೇಕು. ‘ಕಬ್ಬಿಣ ಎಳೆದುಕೊಂಡಿದೆ’ ಎಂಬ ತಪ್ಪು ಕಲ್ಪನೆ ಇಲ್ಲಿ ಬಹಳ ಸಾಮಾನ್ಯ. ಪಟ್ಟಿಗಳು ಎಳೆದುಕೊಂಡಿರುವುದಿಲ್ಲ, ಪಿನ್ನು ಮತ್ತು ಬುಷ್ ಒಂದಕ್ಕೊಂದು ಉಜ್ಜಿ ಸವೆದು, ಪ್ರತಿ ಕೊಂಡಿಯಲ್ಲೂ ಬಂದ ಸಣ್ಣ ಸಡಿಲ ಒಟ್ಟುಗೂಡಿರುತ್ತದೆ. ಉದ್ದವಾದ ಚೈನ್ ಹೊಸ ಹಲ್ಲಿಗೆ ಸರಿಯಾಗಿ ಕೂರದೆ ಅದನ್ನೂ ಬೇಗ ತಿನ್ನುತ್ತದೆ. ಚೈನ್ ಮತ್ತು ಎರಡೂ ಸ್ಪ್ರಾಕೆಟ್‌ಗಳನ್ನು ಒಟ್ಟಿಗೇ ಬದಲಿಸುವುದು ಇದೇ ಕಾರಣಕ್ಕೆ.

ಬಿಚ್ಚುವುದು: ಊಹಿಸಿ, ಆಮೇಲೆ ಮಾಡಿ

ಕೀ ತೆಗೆದು, ಡಬಲ್ ಸ್ಟ್ಯಾಂಡ್ ಹಾಕಿ, ಎಂಜಿನ್ ತಣ್ಣಗಾಗಿದೆ ಎಂದು ಖಚಿತಪಡಿಸಿಕೊಂಡು ಶುರು ಮಾಡಬೇಕು. ಗೇರ್ ಲಿವರ್ ತೆಗೆಯುವ ಮುನ್ನ ಶಾಫ್ಟಿನ ಮೇಲೆ ಅದು ಕೂತಿದ್ದ ಜಾಗಕ್ಕೆ ಗುರುತು ಹಾಕಬೇಕು. ಆಮೇಲೆ ಎಡಬದಿಯ ಸ್ಪ್ರಾಕೆಟ್ ಕವರ್ ಕಳಚಿದರೆ ಎರಡು ಬೋಲ್ಟ್‌ಗಳು ಕಾಣುತ್ತವೆ.

ಇಲ್ಲಿ ಶಿಕ್ಷಕರು ಕೈ ಕಟ್ಟಿಕೊಂಡು ನಿಲ್ಲಬೇಕು. ‘ಮೊದಲು ಚೈನ್ ತೆಗೆಯೋಣವೋ, ಬೋಲ್ಟ್ ಸಡಿಲಿಸೋಣವೋ?’ ನಾನು ವೀಕ್ಷಿಸಿದ ಒಂದು ಪಾಠದಲ್ಲಿ ಹೆಚ್ಚಿನ ಮಕ್ಕಳು ಚೈನ್ ಎಂದರು. ಸಾಮಾನ್ಯವಾಗಿ ಬಾಯಿಬಿಡದ, ಹಿಂದಿನ ಬೆಂಚಿನ ಹುಡುಗನೊಬ್ಬ, ‘ಬೇಡ ಮಿಸ್, ಚೈನ್ ಬಿಚ್ಚಿದ್ರೆ ಬೋಲ್ಟ್ ಜೊತೆ ಅದೂ ತಿರುಗುತ್ತೆ’ ಎಂದ. ಪ್ರಶಿಕ್ಷಣಾರ್ಥಿ ಅವನನ್ನೇ ಮುಂದೆ ಕರೆದು ತೋರಿಸಲು ಹೇಳಿದರು. ಅವನು ಗೆಳೆಯನಿಗೆ ಬಲಗಡೆ ನಿಂತು ಹಿಂದಿನ ಬ್ರೇಕ್ ಒತ್ತಲು ಹೇಳಿ, ಎಡಗಡೆ ತಾನು ಸ್ಪ್ಯಾನರ್ ಹಾಕಿದ. ಬ್ರೇಕ್ ಚಕ್ರವನ್ನು, ಚಕ್ರ ಚೈನನ್ನು, ಚೈನ್ ಸ್ಪ್ರಾಕೆಟ್ಟನ್ನು ಹಿಡಿದು ನಿಲ್ಲಿಸಿತು. ಆ ಪಾಠದ ಮುಖ್ಯ ಕಲಿಕಾಂಶವನ್ನು ಹೇಳಿದ್ದು ಅವನೇ. ಮಾತಿನ ಪಾಠಗಳಲ್ಲಿ ಹಿಂದುಳಿದವನೆಂದು ಬರೆಸಿಕೊಂಡ ಮಗುವಿಗೆ ಇಂಥ ಅವಕಾಶ ವರ್ಷಕ್ಕೆ ಎಷ್ಟು ಬಾರಿ ಸಿಗುತ್ತದೆ ಎಂಬುದನ್ನು ನಾವು ಯೋಚಿಸಬೇಕು.

ಬೋಲ್ಟ್ ಸಡಿಲವಾದ ಮೇಲೆ ಹಿಂದಿನ ಆ್ಯಕ್ಸಲ್ ನಟ್ ಮತ್ತು ಚೈನ್ ಅಡ್ಜಸ್ಟರ್ ಬಿಟ್ಟು ಚಕ್ರವನ್ನು ಮುಂದಕ್ಕೆ ತಳ್ಳಬೇಕು. ಚೈನ್ ಲಾಕ್‌ನ ಕ್ಲಿಪ್ಪನ್ನು ನೋಸ್ ಪ್ಲೇಯರ್‌ನಿಂದ ತೆಗೆದು ಚೈನ್ ಬಿಡಿಸಬೇಕು. ಈಗ ಬೋಲ್ಟ್‌ಗಳನ್ನು ಪೂರ್ತಿ ತೆಗೆದು, ಲಾಕ್ ಪ್ಲೇಟನ್ನು ಸ್ವಲ್ಪ ತಿರುಗಿಸಿದರೆ ಅದರ ಒಳಹಲ್ಲುಗಳು ಶಾಫ್ಟಿನ ಗೀರುಗಳಿಗೆ ಸರಿಯಾಗಿ ನಿಂತು ಪ್ಲೇಟ್ ಹೊರಬರುತ್ತದೆ. ಅದರ ಹಿಂದೆಯೇ ಸ್ಪ್ರಾಕೆಟ್ ಬರುತ್ತದೆ. ಅದರ ಹೊರಮುಖ ಯಾವುದೆಂದು ಗುರುತಿಟ್ಟುಕೊಳ್ಳಬೇಕು.

ಕೂರಿಸುವುದು

ಜಾಗವನ್ನು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಶಾಫ್ಟಿನ ಸುತ್ತಲಿನ ಆಯಿಲ್ ಸೀಲ್‌ನಲ್ಲಿ ಸೋರಿಕೆ ಇದೆಯೇ ನೋಡಬೇಕು. ಸೋರಿಕೆ ಇದ್ದರೆ ಸೀಲ್ ಬದಲಿಸಲು ಇದೇ ಸಮಯ. ಹೊಸ ಸ್ಪ್ರಾಕೆಟ್ ಮತ್ತು ಪ್ಲೇಟನ್ನು ಕೂರಿಸಿ, ಪ್ಲೇಟನ್ನು ಶಾಫ್ಟಿನ ಸುತ್ತುಗೀರಿನಲ್ಲಿ ತಿರುಗಿಸಿ ತೂತುಗಳನ್ನು ಹೊಂದಿಸಿದಾಗ ಅದು ಹೊರಗೆ ಜಾರದಂತೆ ಸಿಕ್ಕಿಕೊಳ್ಳುತ್ತದೆ. ಬೋಲ್ಟ್‌ಗಳ ಕೆಲಸ ಪ್ಲೇಟ್ ಮತ್ತೆ ತಿರುಗದಂತೆ ತಡೆಯುವುದು. ಎಂಜಿನ್ನಿನ ಬಲವನ್ನು ಹೊರುವುದು ಸ್ಪ್ಲೈನ್‌ಗಳೇ ಹೊರತು ಬೋಲ್ಟ್‌ಗಳಲ್ಲ. ಇಷ್ಟು ಸಣ್ಣ ಬೋಲ್ಟ್ ಹೇಗೆ ಸಾಕಾಗುತ್ತದೆ ಎಂಬ ಪ್ರಶ್ನೆಗೆ ಇದು ಉತ್ತರ.

ಬೋಲ್ಟ್‌ಗಳನ್ನು ಸದ್ಯಕ್ಕೆ ಕೈಯಲ್ಲೇ ತಿರುಗಿಸಿ ಬಿಡಬೇಕು. ಹಿಂದಿನ ಸ್ಪ್ರಾಕೆಟ್ ಬದಲಿಸಿ ಹೊಸ ಚೈನ್ ಹಾಕಿದ ಮೇಲೆ ಮತ್ತೆ ಬ್ರೇಕ್ ಒತ್ತಿಸಿ ಕೊನೆಯ ಬಿಗಿ ಕೊಡಬೇಕು. ಕಾರಣ ಕೇಳಿದರೆ ಈಗ ಇಡೀ ತರಗತಿ ಹೇಳುತ್ತದೆ. 6 ಮಿ.ಮೀ. ಬೋಲ್ಟಿಗೆ ಸುಮಾರು 10 ನ್ಯೂಟನ್ ಮೀಟರ್ ಸಾಕು: 10 ಸೆಂ.ಮೀ. ಉದ್ದದ ಸ್ಪ್ಯಾನರ್‌ನ ತುದಿಯಲ್ಲಿ 10 ಕಿಲೋ ತೂಗುವಷ್ಟು ಬಲ. ಪಠ್ಯದ ‘ಬಲದ ಮಹತ್ವ’ ಮಗುವಿನ ಕೈಗೆ ತಿಳಿಯುವುದು ಇಲ್ಲಿ.

ಚೈನ್ ಲಾಕ್‌ನ ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೆ ಇರಬೇಕು. ತೆರೆದ ತುದಿ ಮುಂದಿದ್ದರೆ ಏನಾದರೂ ತಗುಲಿ ಕ್ಲಿಪ್ ಹಾರಬಹುದು. ಕೆಳಗಿನ ಚೈನ್ ನಡುಭಾಗದಲ್ಲಿ 20ರಿಂದ 30 ಮಿ.ಮೀ. ಮೇಲೆ ಕೆಳಗೆ ಆಡಬೇಕು. ಚಕ್ರವನ್ನು ತಿರುಗಿಸಿ, ಅತಿ ಬಿಗಿಯಾದ ಜಾಗದಲ್ಲಿ ಇದನ್ನು ಅಳೆಯಬೇಕು. ಎರಡೂ ಕಡೆಯ ಅಡ್ಜಸ್ಟರ್ ಗುರುತುಗಳು ಒಂದೇ ಸಮ ಇರಬೇಕು. ಚಕ್ರ ಜರುಗಿಸಿದ್ದರಿಂದ ಹಿಂದಿನ ಬ್ರೇಕನ್ನೂ ಮತ್ತೆ ಹೊಂದಿಸಬೇಕು. ಚಕ್ರವನ್ನು ಕೈಯಿಂದ ಮಾತ್ರ, ಟೈರನ್ನು ಹಿಡಿದು ತಿರುಗಿಸಬೇಕು. ಚೈನ್ ಮತ್ತು ಸ್ಪ್ರಾಕೆಟ್ ನಡುವೆ ಬೆರಳು ಸಿಕ್ಕಿದರೆ ಹೋಗಿಯೇ ಬಿಡುತ್ತದೆ. ಎಂಜಿನ್ ಓಡಿಸಿ ಚೈನ್ ತೋರಿಸುವುದು ಖಂಡಿತ ಬೇಡ.

ಮೌಲ್ಯಮಾಪನ ಮತ್ತು ಹೊಣೆ

ವೀಕ್ಷಕರಾಗಿ ನಾನು ಮೂರು ವಿಷಯ ಗಮನಿಸುತ್ತೇನೆ: ಪ್ರತಿ ಮುಖ್ಯ ಹಂತಕ್ಕೂ ಮುನ್ನ ಮಕ್ಕಳು ಊಹಿಸಿದರೇ, ಸ್ಪ್ಯಾನರ್ ಎಷ್ಟು ಮಕ್ಕಳ ಕೈಗೆ ಹೋಯಿತು, ಅದರಲ್ಲಿ ಹುಡುಗಿಯರೆಷ್ಟು, ಕೊನೆಯ ಪರೀಕ್ಷೆಯನ್ನು ಬಿಗಿ ಮಾಡಿದವರಲ್ಲದೆ ಬೇರೊಬ್ಬರು ಮಾಡಿದರೇ.

ಮೂರನೆಯದು ಅತಿ ಮುಖ್ಯ. ಕಪ್ಪುಹಲಗೆಯ ಮೇಲಿನ ತಪ್ಪನ್ನು ಒರೆಸಬಹುದು. ಈ ಗಾಡಿಯನ್ನು ಸಂಜೆ ಯಾರೋ ಓಡಿಸಿಕೊಂಡು ಮನೆಗೆ ಹೋಗುತ್ತಾರೆ. ವೇಗದಲ್ಲಿ ಚೈನ್ ಕಳಚಿ ಸಿಕ್ಕಿಕೊಂಡರೆ ಹಿಂದಿನ ಚಕ್ರ ನಿಂತೇ ಬಿಡಬಹುದು. ಆದ್ದರಿಂದ ಮಾಲೀಕರ ಒಪ್ಪಿಗೆ ಮೊದಲೇ ಪಡೆದಿರಬೇಕು. ಅನುಭವಿ ಮೆಕ್ಯಾನಿಕ್ ಒಬ್ಬರನ್ನು ಕರೆಸಿ, ಮಕ್ಕಳ ಎದುರೇ ಎಲ್ಲ ಬೋಲ್ಟ್‌ಗಳನ್ನು ಪರೀಕ್ಷಿಸಿಸಬೇಕು. ಅವರು ಯಾವುದನ್ನು ಮೊದಲು ಮುಟ್ಟಿ ನೋಡುತ್ತಾರೆ, ಏಕೆ ಎಂದು ಮಕ್ಕಳು ಬರೆದುಕೊಳ್ಳಲಿ. ಪಾಠಯೋಜನೆಯ ಮನೆಗೆಲಸದ ಅಂಕಣಕ್ಕೆ ಅದೇ ಸಾಕು.