ಮೊರಾಕೊ: ಒಡೆಯಲು ಹೊರಟ ಶಾಸನ

'ಒಡೆದು ಆಳುವ ನೀತಿ' ಎಂಬ ಮಾತನ್ನು ನಮ್ಮ ವಿದ್ಯಾರ್ಥಿಗಳು ಭಾರತದ ಇತಿಹಾಸದ ಪಾಠದಲ್ಲಿ ಓದಿಯೇ ಇರುತ್ತಾರೆ. ಈ ನೀತಿ ನಮ್ಮ ದೇಶಕ್ಕಷ್ಟೇ ಸೀಮಿತವಾಗಿರಲಿಲ್ಲ. ಉತ್ತರ ಆಫ್ರಿಕಾದ ಮೊರಾಕೊದಲ್ಲಿ ಅದು 1930ರಲ್ಲಿ ಶಾಸನದ ರೂಪವನ್ನೇ ತಾಳಿತು. ಅದರಿಂದ ಫ್ರೆಂಚರು ಬಯಸಿದ ಫಲ ದೊರೆಯಲಿಲ್ಲ. ಆದರೆ ಯಾರೂ ನಿರೀಕ್ಷಿಸದ ಇನ್ನೊಂದು ಫಲ ಬಹುಕಾಲ ಉಳಿಯಿತು.

ಮೊದಲು ಅಲ್ಲಿನ ಜನರನ್ನು ಪರಿಚಯ ಮಾಡಿಕೊಳ್ಳೋಣ. ಅರಬ್ಬರು 7ನೆಯ ಶತಮಾನದಲ್ಲಿ ಬರುವ ಮೊದಲೇ ಉತ್ತರ ಆಫ್ರಿಕಾದಲ್ಲಿ ನೆಲೆಸಿದ್ದವರು ಬರ್ಬರರು. ಅವರು ತಮ್ಮನ್ನು 'ಅಮಾಜಿಗ್' ಜನ ಎಂದು ಕರೆದುಕೊಳ್ಳುತ್ತಾರೆ. ಕಾಲಕ್ರಮದಲ್ಲಿ ಅವರು ಇಸ್ಲಾಂ ಧರ್ಮವನ್ನು ಸ್ವೀಕರಿಸಿದರು. ಮೊರಾಕೊವನ್ನು ಆಳಿದ ಅಲ್ಮೊರಾವಿದ್ ಮತ್ತು ಅಲ್ಮೊಹದ್ ರಾಜವಂಶಗಳು ಬರ್ಬರರವೇ. ನಗರಗಳಲ್ಲಿ, ವಿದ್ಯಾಕೇಂದ್ರಗಳಲ್ಲಿ ಅರಬ್ಬಿ ಭಾಷೆ ಬೆಳೆಯಿತು; ಅಟ್ಲಾಸ್ ಮತ್ತು ರಿಫ್ ಬೆಟ್ಟಗಳಲ್ಲಿ ಬರ್ಬರ್ ನುಡಿಗಳೂ ಕುಲದ ಕಟ್ಟಳೆಗಳೂ ಉಳಿದುಬಂದವು. ಭೇದ ಇತ್ತು, ನಿಜ. ಆದರೆ ನಡುವೆ ಗೋಡೆ ಇರಲಿಲ್ಲ.

1912ರ ಮಾರ್ಚ್ 30ರ ಫೆಜ್ ಒಪ್ಪಂದದಿಂದ ಮೊರಾಕೊ ಫ್ರಾನ್ಸಿನ ರಕ್ಷಿತ ರಾಜ್ಯವಾಯಿತು. ಸುಲ್ತಾನನಿಗೆ ಸಿಂಹಾಸನ ಉಳಿಯಿತು, ಅಧಿಕಾರ ಫ್ರೆಂಚ್ ರೆಸಿಡೆಂಟ್ ಜನರಲ್‌ನ ಕೈಸೇರಿತು. ಉತ್ತರದ ಪಟ್ಟಿ ಸ್ಪೇನಿನ ಪಾಲಾಯಿತು. ಬೆಟ್ಟದ ಜನ ಸುಲಭವಾಗಿ ಮಣಿಯಲಿಲ್ಲ. 1921ರ ಜುಲೈಯಲ್ಲಿ ರಿಫ್ ನಾಯಕ ಅಬ್ದ್ ಎಲ್ ಕ್ರಿಮ್ ಆನ್ವಾಲ್ ಎಂಬಲ್ಲಿ ಸ್ಪೇನಿನ ಸೈನ್ಯವನ್ನು ನುಚ್ಚುನೂರು ಮಾಡಿದ. ಅವನನ್ನು ಸೋಲಿಸಲು ಫ್ರಾನ್ಸ್ ಮತ್ತು ಸ್ಪೇನ್ ಎರಡೂ ಕೈಜೋಡಿಸಬೇಕಾಯಿತು; 1926ರಲ್ಲಿ ಅವನು ಶರಣಾದ.

ಬಂದೂಕಿನ ಜೊತೆಗೆ ಕಾನೂನನ್ನೂ ಬಳಸಲು ಫ್ರೆಂಚರು ಮುಂದಾದರು. 1930ರ ಮೇ 16ರಂದು 'ಬರ್ಬರ್ ದಾಹಿರ್' ಹೊರಬಿತ್ತು. ದಾಹಿರ್ ಎಂದರೆ ಸುಲ್ತಾನನ ಶಾಸನ. ಮುದ್ರೆ ತರುಣ ಸುಲ್ತಾನ ಮೊಹಮ್ಮದನದು, ಯೋಜನೆ ಫ್ರೆಂಚರದು. ಅದರಂತೆ ಬರ್ಬರ್ ಪ್ರದೇಶಗಳ ಸಿವಿಲ್ ವ್ಯಾಜ್ಯಗಳು ಇಸ್ಲಾಮೀ ನ್ಯಾಯಾಲಯಗಳಿಗೆ ಹೋಗದೆ ಕುಲಾಚಾರದ ನ್ಯಾಯಾಲಯಗಳಿಗೆ ಹೋಗಬೇಕಾಯಿತು. ಘೋರ ಅಪರಾಧಗಳ ವಿಚಾರಣೆ ಫ್ರೆಂಚ್ ನ್ಯಾಯಾಲಯಗಳ ಪಾಲಾಯಿತು. ಸ್ಥಳೀಯ ಆಚಾರಕ್ಕೆ ಗೌರವ ತೋರುತ್ತಿದ್ದೇವೆ ಎಂಬುದು ಆಳುವವರ ಸಮರ್ಥನೆ. ಒಂದೇ ನಾಡಿನ ಜನರನ್ನು ಎರಡು ಕಾನೂನುಗಳ ಕೆಳಗೆ ತಂದು ಬೇರ್ಪಡಿಸುವ ಹುನ್ನಾರ ಇದು ಎಂಬುದು ವಿದ್ಯಾವಂತ ಯುವಕರ ಸಂಶಯ.

ಪ್ರತಿಭಟನೆ ಮಸೀದಿಯಲ್ಲಿ ಹುಟ್ಟಿತು. ಬರಗಾಲದಂತಹ ವಿಪತ್ತು ಬಂದಾಗ ಸಾಮೂಹಿಕವಾಗಿ ಹೇಳುವ 'ಲತೀಫ್' ಪ್ರಾರ್ಥನೆ ಮೊರಾಕೊದಲ್ಲಿ ರೂಢಿಯಲ್ಲಿತ್ತು. ಸಲೆ ನಗರದ ಯುವಕರು ಅದನ್ನೇ ಹಿಡಿದರು. ನಮ್ಮನ್ನು ನಮ್ಮ ಬರ್ಬರ್ ಸೋದರರಿಂದ ಅಗಲಿಸಬೇಡ ಎಂಬ ಮೊರೆಯನ್ನು ಅದಕ್ಕೆ ಸೇರಿಸಿದರು. ಪ್ರಾರ್ಥನೆ ಫೆಜ್, ರಬಾತ್ ನಗರಗಳಿಗೂ ಹಬ್ಬಿತು. ಸರ್ಕಾರ ಮುಖಂಡರನ್ನು ಬಂಧಿಸಿತಾದರೂ 1934ರಲ್ಲಿ ಅಪರಾಧ ವಿಚಾರಣೆಯ ವಿಧಿಯನ್ನು ಬದಲಿಸಬೇಕಾಯಿತು. ಬರ್ಬರ್ ಪ್ರಮುಖರ ಮಕ್ಕಳನ್ನು ನಿಷ್ಠಾವಂತ ಅಧಿಕಾರಿಗಳನ್ನಾಗಿಸಲು 1927ರಲ್ಲಿ ಆಜ್ರೂ ಎಂಬಲ್ಲಿ ತೆರೆದಿದ್ದ ಕಾಲೇಜಿನಿಂದಲೂ ಹಲವರು ರಾಷ್ಟ್ರೀಯ ಚಳವಳಿಗೆ ಸೇರಿದರು. 1953ರಲ್ಲಿ ಫ್ರೆಂಚರು ಸುಲ್ತಾನ ಮೊಹಮ್ಮದನನ್ನೇ ಗಡೀಪಾರು ಮಾಡಿದರು. ಆಗ ಅವರ ಪರ ನಿಂತ ಮರಾಕೆಶ್‌ನ ಪಾಷಾ ಎಲ್ ಗ್ಲಾವಿ ಬರ್ಬರನೇ. ಅಂದರೆ ಯಾವ ಕುಲವೂ ಇಡಿಯಾಗಿ ಒಂದು ಕಡೆ ಇರಲಿಲ್ಲ. ಸುಲ್ತಾನ 1955ರಲ್ಲಿ ಹಿಂದಿರುಗಿದ. 1956ರ ಮಾರ್ಚ್ 2ರಂದು ಫ್ರಾನ್ಸ್ ಮೊರಾಕೊದ ಸ್ವಾತಂತ್ರ್ಯವನ್ನು ಒಪ್ಪಿಕೊಂಡಿತು.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಸ್ವತಂತ್ರ ಮೊರಾಕೊದಲ್ಲಿ ಬರ್ಬರ್ ಭಾಷೆಗೆ ಸ್ಥಾನ ಕೇಳಿದವರನ್ನು 1930ರ ನೆನಪು ಬೆನ್ನಟ್ಟಿತು. ತಾಯ್ನುಡಿಯಲ್ಲಿ ಪಾಠ ಬೇಕೆಂದರೆ ಸಾಕು, ಫ್ರೆಂಚರ ಒಡಕಿನ ಮಾತು ಎಂಬ ಶಂಕೆ ಏಳುತ್ತಿತ್ತು. ಶಾಲೆಗಳಲ್ಲಿ ಈ ಭಾಷೆಯನ್ನು ಕಲಿಸಬೇಕೆಂದು ರಾಜ ಎರಡನೆಯ ಹಸನ್ ಸಾರಿದ್ದು 1994ರಲ್ಲಿ. ಪಾಠ ಶುರುವಾದದ್ದು 2003ರಲ್ಲಿ. ಅಮಾಜಿಗ್ ಭಾಷೆ ಅರಬ್ಬಿಯ ಜೊತೆಗೆ ಅಧಿಕೃತ ಭಾಷೆಯಾದದ್ದು 2011ರ ಸಂವಿಧಾನದಲ್ಲಿ. ಆ ಹೊತ್ತಿಗೆ ದಾಹಿರ್ ಹೊರಟು 81 ವರ್ಷಗಳಾಗಿದ್ದವು.

ಜನರ ನಡುವಿನ ಭೇದವನ್ನು ಫ್ರೆಂಚರು ಹುಟ್ಟಿಸಲಿಲ್ಲ; ಇದ್ದ ಭೇದವನ್ನು ಆಯುಧ ಮಾಡಿಕೊಂಡರು. ಆಯುಧ ಹಿಡಿದವರು ಹೊರಟುಹೋದರು. ಆದರೆ ಅವರ ಕೈಗೆ ಸಿಕ್ಕಿದ ಭಾಷೆ, ತನ್ನದಲ್ಲದ ತಪ್ಪಿಗಾಗಿ ಸುಮಾರು ಅರ್ಧ ಶತಮಾನ ಕಾಲ ಶಾಲೆಯ ಹೊರಗೆ ನಿಲ್ಲಬೇಕಾಯಿತು.