ಚಪ್ಪರದ ಲೆಕ್ಕ, ಬಲೂನಿನ ಲೆಕ್ಕ

ಮಗುವಿನ ಮೊದಲ ಹುಟ್ಟುಹಬ್ಬ, ನಾಮಕರಣ, ಸೀಮಂತ, ಹಿರಿಯರ ಅರವತ್ತರ ಶಾಂತಿ – ಇಂಥ ಸಮಾರಂಭಗಳನ್ನು ಛತ್ರ ಹಿಡಿಯದೆ, ಅಲಂಕಾರದವರನ್ನು ಕರೆಸದೆ, ಮನೆಯವರೇ ಮಾಡಿ ಮುಗಿಸಬೇಕೆಂಬ ಹುಮ್ಮಸ್ಸು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದಂಥ ಊರುಗಳಲ್ಲೂ ಕಾಣುತ್ತದೆ. ಬೇಕಾದ ಉಪಾಯಗಳೆಲ್ಲ ಫೋನಿನಲ್ಲೇ ಇವೆ. 2016ರಿಂದೀಚೆಗೆ ಅಂತರಜಾಲ ಅಗ್ಗವಾಯಿತು. 2020ರ ಕೊರೊನಾ ಕಾಲದಲ್ಲಿ ಮದುವೆಗೇ 50 ಜನರ ಮಿತಿ ಬಿದ್ದು, ಸಮಾರಂಭ ಮತ್ತೆ ಮನೆಯಂಗಳಕ್ಕೆ ಬಂತು. ಬಲೂನಿನ ಕಮಾನು ಕಟ್ಟುವುದು, ಕಾಗದದ ಹೂವು ಮಡಿಸುವುದು, ಕುಕ್ಕರಿನಲ್ಲಿ ಕೇಕು ಬೇಯಿಸುವುದು ಎಲ್ಲಕ್ಕೂ ಒಂದೊಂದು ವಿಡಿಯೊ ಉಂಟು.

ಇದನ್ನು ಹೊಸ ಫ್ಯಾಷನ್ ಎಂದು ಮೂಗು ಮುರಿಯುವವರಿದ್ದಾರೆ. ಆದರೆ ಈ ಸೀಮೆಯಲ್ಲಿ ಹೊಸದು ಯಾವುದಾದರೂ ಇದ್ದರೆ ಅದು ಬಾಡಿಗೆಯ ಸಮಾರಂಭವೇ ಹೊರತು ಕೈಯಾರೆ ಮಾಡಿಕೊಳ್ಳುವ ಸಮಾರಂಭವಲ್ಲ. ಶಾಮಿಯಾನ ಮತ್ತು ಛತ್ರಗಳು ಬರುವ ಮೊದಲು ಮದುವೆಯೆಂದರೆ ಮನೆಯ ಮುಂದಿನ ಚಪ್ಪರ. ಸೋದರಮಾವ ಹಾಲುಗಂಬ ತರಬೇಕು. ಊರಿನ ಹುಡುಗರು ಗಳ ನೆಟ್ಟು ಹೊಂಗೆ, ನೇರಳೆ ಸೊಪ್ಪು, ತೆಂಗಿನ ಗರಿ ಹೊದಿಸಬೇಕು. ಬಾಳೆಕಂಬ ಕಟ್ಟಿ ಮಾವಿನ ತೋರಣ ಬಿಗಿಯಬೇಕು. ಈ ಕೆಲಸಕ್ಕೆಂದೇ ಒಂದು ದಿನ ಮೀಸಲು. ಅಂದಿನ ಊಟಕ್ಕೂ ಚಪ್ಪರದ ಊಟವೆಂದೇ ಹೆಸರು. ವರ್ಷವಿಡೀ ಹರಿಯುವ ನದಿಯಿಲ್ಲದ ಬಯಲುಸೀಮೆಯಲ್ಲಿ ಎಲ್ಲ ಮನೆಗೂ ಬಾಳೆಲೆ ಎಟಕುತ್ತಿರಲಿಲ್ಲ. ಹಾಗಾಗಿ ಮುತ್ತುಗದ ಎಲೆಗಳನ್ನು ಕಡ್ಡಿಯಿಂದ ಹೆಣೆದು ಒಣಗಿಸಿ, ಕಟ್ಟು ಕಟ್ಟಿ ಮೊದಲೇ ಇಟ್ಟುಕೊಳ್ಳುತ್ತಿದ್ದರು. ಕೊಳಗ, ಹಂಡೆ, ಕೊಪ್ಪರಿಗೆಗಳು ಹತ್ತು ಮನೆಗಳಿಂದ ಬರುತ್ತಿದ್ದವು. ಹಳೆಯ ಹಿತ್ತಾಳೆ ಪಾತ್ರೆಗಳ ಕಂಠದ ಮೇಲೆ ಯಜಮಾನರ ಹೆಸರನ್ನು ಚುಕ್ಕಿ ಚುಕ್ಕಿಯಾಗಿ ಕೊರೆಸಿರುವುದು ಏಕೆಂದು ಇಂದಿನ ಮಕ್ಕಳು ಕೇಳುವುದುಂಟು. ಎರವಲು ಹೋದ ಪಾತ್ರೆ ತಪ್ಪದೆ ಮನೆಗೆ ಮರಳಲಿ ಎಂದು!

ಇಷ್ಟೆಲ್ಲ ಕೈಗಳು ಸಂಬಳವಿಲ್ಲದೆ ಬರುತ್ತಿದ್ದುದಾದರೂ ಹೇಗೆ? ಅದರ ಹಿಂದೆ ಇದ್ದುದು ಮುಯ್ಯಿ. ಇಂದು ನಾನು ನಿನ್ನ ಹೊಲದಲ್ಲಿ ದುಡಿದರೆ ನಾಳೆ ನೀನು ನನ್ನ ಹೊಲಕ್ಕೆ ಬರಬೇಕು. ಹಾಗೆ ಬರುವವನು ಮುಯ್ಯಾಳು. ಮದುವೆಗೂ ಅದೇ ನ್ಯಾಯ. ದುಡಿಮೆಯಂತೆ ಅಕ್ಕಿ, ಬೆಲ್ಲ, ತೆಂಗಿನಕಾಯಿ, ಬಟ್ಟೆ, ಹಣ ಎಲ್ಲವೂ ಮುಯ್ಯಿಯಾಗಿ ಬರುತ್ತಿತ್ತು. ಯಾರು ಏನು ಕೊಟ್ಟರೆಂದು ಪುಸ್ತಕದಲ್ಲಿ ಬರೆದಿಟ್ಟು, ಅವರ ಮನೆಯ ಕಾರ್ಯಕ್ಕೆ ಅಷ್ಟನ್ನೋ, ಒಂದು ಕೈ ಹೆಚ್ಚೋ ಹಿಂತಿರುಗಿಸುತ್ತಿದ್ದರು. ಕನ್ನಡ, ತೆಲುಗು ಎರಡೂ ಮನೆಮಾತಾಗಿರುವ ಗೌರಿಬಿದನೂರಿನ ಕಡೆ ಕೇಳಿಬರುವ ‘ಚದಿವಿಂಪು’ ಎಂಬ ತೆಲುಗು ಪದಕ್ಕೆ ಓದಿಸುವುದು ಎಂದೇ ಅರ್ಥ; ಕೊಟ್ಟವರ ಹೆಸರನ್ನೂ ಕೊಟ್ಟದ್ದನ್ನೂ ಚಪ್ಪರದಡಿ ಗಟ್ಟಿಯಾಗಿ ಕೂಗಿ ಹೇಳುವ ಪದ್ಧತಿಯಿಂದ ಬಂದ ಮಾತು. ಮುಯ್ಯಿ ತೀರಿಸುವುದು ಎಂದರೆ ಸೇಡು ತೀರಿಸುವುದು ಎಂಬ ಅರ್ಥವೂ ಕನ್ನಡದಲ್ಲಿದೆ. ಲೆಕ್ಕ ಅಷ್ಟು ಬಿಗಿಯಾಗಿತ್ತು ಎಂದುಕೊಳ್ಳಬಹುದು.

ಆ ವ್ಯವಸ್ಥೆಯನ್ನು ಬರೀ ಹೊಗಳಿ ಕೂರುವಂತಿಲ್ಲ. ಮುಯ್ಯಿ ನಡೆಯುತ್ತಿದ್ದುದು ಬಹುಮಟ್ಟಿಗೆ ಸರೀಕರ ನಡುವೆ, ಅಂದರೆ ಒಂದೇ ಜಾತಿಯೊಳಗೆ. ಮಡಿಕೆ ತಂದವರು, ದೀವಟಿಗೆ ಹಿಡಿದವರು, ತಮಟೆ ಬಡಿದವರು ಆ ಪುಸ್ತಕದ ಹೊರಗೇ ಉಳಿದರು. ಹಲವರಿಗೆ ಪಂಕ್ತಿಯಲ್ಲಿ ಎಲೆಯೂ ಇರಲಿಲ್ಲ. ಒಳಗೆ ಒಲೆಯ ಮುಂದಿದ್ದ ಹೆಂಗಸರು ಉಣ್ಣುತ್ತಿದ್ದುದು ಎಲ್ಲರ ಎಲೆ ಎತ್ತಿದ ಮೇಲೆಯೇ.

ಈಗ ಬಲೂನಿನ ವಿಚಾರಕ್ಕೆ ಬರೋಣ. ರಬ್ಬರಿನ ಬಲೂನನ್ನು ಮೊದಲು ಮಾಡಿದವನು ವಿಜ್ಞಾನಿ ಮೈಕೆಲ್ ಫ್ಯಾರಡೆ. 1824ರಲ್ಲಿ ಲಂಡನ್ನಿನಲ್ಲಿ ಜಲಜನಕದ ಪ್ರಯೋಗಕ್ಕೆಂದು ಎರಡು ರಬ್ಬರ್ ಹಾಳೆಗಳ ಅಂಚು ಅಂಟಿಸಿ ತಯಾರಿಸಿದ್ದು ಅದು. ಮರುವರ್ಷವೇ ಥಾಮಸ್ ಹ್ಯಾನ್‌ಕಾಕ್ ಎಂಬ ರಬ್ಬರ್ ಉದ್ಯಮಿ ಒಂದು ಸೀಸೆ ರಬ್ಬರ್ ದ್ರಾವಣ, ಒಂದು ಪಿಚಕಾರಿ ಜೋಡಿಸಿ ಮಾರಾಟಕ್ಕಿಟ್ಟ. ಕೊಂಡವರು ತಾವೇ ಬಲೂನು ಮಾಡಿಕೊಳ್ಳಬೇಕಿತ್ತು. ಕೇಕು ಕತ್ತರಿಸುವಾಗ ಹಾಡುವ ಇಂಗ್ಲಿಷ್ ಹಾಡಿನ ಧಾಟಿಯೂ ಅಮೆರಿಕದ ಕೆಂಟಕಿಯ ಇಬ್ಬರು ಸೋದರಿಯರು 1893ರಲ್ಲಿ ಪುಟ್ಟ ಮಕ್ಕಳ ಶಾಲೆಗೆಂದು ಪ್ರಕಟಿಸಿದ ಬೆಳಗಿನ ವಂದನೆಯ ಹಾಡಿನದು. ಎಲ್ಲಿಯದೋ ಪದ್ಧತಿ ಎಲ್ಲಿಗೋ ಬಂದು ಮನೆಯದಾಗುವುದು ಇದೇ ಮೊದಲಲ್ಲ. ಫೋನಿನಲ್ಲಿ ನೋಡಿ ಕಲಿಯುವುದರಲ್ಲಿ ತಪ್ಪೇನೂ ಇಲ್ಲ.

ತೊಂದರೆ ಇರುವುದು ವಿಡಿಯೊ ಹೇಳದೆ ಬಿಡುವ ಸಂಗತಿಯಲ್ಲಿ. ಮೂರು ಗಂಟೆಯ ಕೆಲಸವನ್ನು ಓಡಿಸಿ ಒಂದು ನಿಮಿಷದಲ್ಲಿ ತೋರಿಸುತ್ತಾರೆ. ಒಂದು ಬಲೂನು ಊದಿ ಗಂಟು ಹಾಕಲು ಎರಡು ನಿಮಿಷ ಎಂದಿಟ್ಟುಕೊಂಡರೆ 100 ಬಲೂನಿಗೆ 200 ನಿಮಿಷ, ಅಂದರೆ ಮೂರು ಗಂಟೆ ಇಪ್ಪತ್ತು ನಿಮಿಷ. ನಾಲ್ವರು ಕೂತರೆ 50 ನಿಮಿಷ ಸಾಕು. ಚಪ್ಪರದ ಕಾಲದ ಹಿರಿಯರು ಮೊದಲು ಎಣಿಸುತ್ತಿದ್ದುದು ಕೈಗಳನ್ನು. ಇಂದಿನ ಮನೆಗಳಲ್ಲಿ ಮೊದಲು ಎಣಿಸುವುದು ಸಾಮಾನನ್ನು. ಆದ್ದರಿಂದಲೇ ಹುಟ್ಟುಹಬ್ಬದ ಹಿಂದಿನ ರಾತ್ರಿ ಎರಡು ಗಂಟೆಯವರೆಗೆ ಮಗುವಿನ ತಾಯಿ ಒಬ್ಬಳೇ ಗೋಡೆಗೆ ಟೇಪು ಅಂಟಿಸುತ್ತಿರುತ್ತಾಳೆ, ಬೆಳಗ್ಗೆ ಪಲಾವಿಗೂ ಅವಳೇ ನಿಲ್ಲುತ್ತಾಳೆ. ಎದುರು ಮನೆಯವರನ್ನು ಊಟಕ್ಕೆ ಕರೆಯಲು ಇಲ್ಲದ ಸಂಕೋಚ, ಬಲೂನು ಊದಲು ಬನ್ನಿ ಎನ್ನುವಾಗ ಅಡ್ಡ ಬರುತ್ತದೆ. ಕೆಲಸ ಕೇಳಿದರೆ ಋಣ ಬೀಳುತ್ತದೆಂಬ ಅಂಜಿಕೆ! ಆ ಋಣವೇ ಒಂದು ಕಾಲಕ್ಕೆ ಊರನ್ನು ಹಿಡಿದಿಟ್ಟಿತ್ತು. ಹಳೆಯ ಕಟ್ಟುಗಳನ್ನು ಕಳಚಿಟ್ಟು, ಜಾತಿ ಕೇಳದೆ, ಗಂಡಸರನ್ನೂ ಈರುಳ್ಳಿ ಹೆಚ್ಚಲು ಕೂರಿಸಿ ಮುಯ್ಯಿಯನ್ನು ಮತ್ತೆ ಆರಂಭಿಸಲು ಮಗುವಿನ ಹುಟ್ಟುಹಬ್ಬಕ್ಕಿಂತ ಒಳ್ಳೆಯ ನೆಪ ಸಿಗಲಾರದು. ಒಂದು ಮನೆಯಲ್ಲಿ ಚಿತ್ರಾನ್ನ, ಇನ್ನೊಂದರಲ್ಲಿ ಪಾಯಸ ಎಂದು ಹಂಚಿಕೊಂಡರೆ ದೊಡ್ಡ ಪಾತ್ರೆಯ ಗೋಜೂ ಇರುವುದಿಲ್ಲ.

ಸಾಮಾನಿನ ಮಟ್ಟಿಗೆ ಈ ಜಿಲ್ಲೆ ಭಾಗ್ಯಶಾಲಿ. ಚಿಕ್ಕಬಳ್ಳಾಪುರದ ಸುತ್ತ ಸೇವಂತಿಗೆ, ಚೆಂಡುಹೂ, ಗುಲಾಬಿ ಬೆಳೆಯುತ್ತವೆ. ವರಮಹಾಲಕ್ಷ್ಮಿ ಹಬ್ಬದ ಮುನ್ನಾದಿನ ಮುಟ್ಟಲಾಗದ ಬೆಲೆಯ ಹೂವು, ಮದುವೆಗಳಿಲ್ಲದ ಆಷಾಢದಲ್ಲಿ ಕೇಳುವವರಿಲ್ಲದೆ ಬೀಳುವುದುಂಟು. ಆಷಾಢದಲ್ಲಿ ಹುಟ್ಟಿದ ಮಗುವಿನ ಮನೆಯವರು ಬಲೂನಿನ ಕಮಾನು ಕೊಳ್ಳುವುದೇಕೆ? ಚಿಂತಾಮಣಿ ಕಡೆಯ ತೋಪುಗಳಲ್ಲಿ ಮಾವಿನ ಸೊಪ್ಪಿಗೆ ಬರವಿಲ್ಲ. ರೇಷ್ಮೆಗೆ ಹೆಸರಾದ ಶಿಡ್ಲಘಟ್ಟದಲ್ಲಿ ಇನ್ನೂ ಒಂದು ಅನುಕೂಲವಿದೆ. ಚಿಟ್ಟೆ ಹೊರಬಂದು ತೂತಾದ ಗೂಡಿನಿಂದ ನೂಲು ಬಿಚ್ಚಲಾಗದು; ಆದರೆ ಅದನ್ನು ಕತ್ತರಿಸಿ, ಬಣ್ಣ ಹಾಕಿ ಹಾರ, ಹೂಗುಚ್ಛ ಮಾಡಬಹುದು. ಇವು ಬಾಡುವುದಿಲ್ಲ, ಮುಂದಿನ ವರ್ಷಕ್ಕೂ ಬರುತ್ತವೆ. ಹುಳು ಗೂಡು ಕಟ್ಟಲೆಂದು ಬಿದಿರಿನಲ್ಲಿ ಸುರುಳಿಯಾಗಿ ಹೆಣೆದ ಚಂದ್ರಿಕೆಗಳು ಪ್ಲಾಸ್ಟಿಕ್ ಬಲೆ ಬಂದ ಮೇಲೆ ಎಷ್ಟೋ ಮನೆಗಳಲ್ಲಿ ಮೂಲೆ ಸೇರಿವೆ. ಒಂದನ್ನು ಗೋಡೆಗೆ ಒರಗಿಸಿ ಸುರುಳಿಗಳ ನಡುವೆ ಸೇವಂತಿಗೆ ಸಿಕ್ಕಿಸಿದರೆ, ತೊಟ್ಟಿಲ ಹಿಂದೆ ಅದಕ್ಕಿಂತ ಚೆಂದದ ಪರದೆ ಬೇಕೆ?

ಫೋನಿನ ಉಪಾಯಗಳಲ್ಲಿ ಕೆಲವನ್ನು ನಮ್ಮ ಕಾನೂನೇ ಒಪ್ಪುವುದಿಲ್ಲ ಎಂಬುದನ್ನೂ ಹೇಳಬೇಕು. ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಊಟದ ಮೇಜಿಗೆ ಹಾಸುವ ಪ್ಲಾಸ್ಟಿಕ್ ಹಾಳೆಗಳನ್ನು ಕರ್ನಾಟಕ ಸರ್ಕಾರ 2016ರಲ್ಲೇ ನಿಷೇಧಿಸಿತು. ಅಲಂಕಾರಕ್ಕೆ ಬಳಸುವ ಥರ್ಮೋಕೋಲ್, ಬಲೂನಿನ ಪ್ಲಾಸ್ಟಿಕ್ ಕಡ್ಡಿಗಳ ಮೇಲೆ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧವಿದೆ. ಹೊರನಾಡಿನ ವಿಡಿಯೊಗಳು ಇದನ್ನು ತಿಳಿಸುವುದಿಲ್ಲ. ಚಪ್ಪರ ಬಿಚ್ಚಿದ ದಿನ ಹೊಂಗೆ ಸೊಪ್ಪು ತಿಪ್ಪೆಗೆ ಹೋಗುತ್ತಿತ್ತು, ಬಾಳೆಕಂಬ ದನಗಳ ಮುಂದೆ ಬೀಳುತ್ತಿತ್ತು, ಗಳಗಳು ಮುಂದಿನ ಮದುವೆ ಮನೆಯ ಹಿತ್ತಿಲು ಸೇರುತ್ತಿದ್ದವು.