ಇಂಗ್ಲಿಷಿನ ಅತಿದೀರ್ಘ ಪದಗಳು: ಅವು ಪದಗಳೆ?

ಇಂಗ್ಲಿಷ್ ನಿಘಂಟುಗಳನ್ನು ತಿರುವಿಹಾಕುವವರಿಗೆ ಒಮ್ಮೊಮ್ಮೆ ಇಡೀ ಪಂಕ್ತಿಯನ್ನೇ ಆಕ್ರಮಿಸುವ ಪದಗಳು ಎದುರಾಗುತ್ತವೆ. ಇವನ್ನು ಭಾಷೆಯ ನಿಜವಾದ ಪದಗಳೆಂದು ಎಣಿಸಬೇಕೆ, ಅಥವಾ ವಿನೋದಕ್ಕಾಗಿ ಹೆಣೆದ ಅಕ್ಷರಮಾಲೆಗಳೆಂದು ಬದಿಗಿಡಬೇಕೆ ಎಂಬುದು ನಿಘಂಟುಕಾರನಿಗೆ ಬರಿಯ ಕುತೂಹಲದ ಪ್ರಶ್ನೆಯಲ್ಲ. ಪದವೊಂದಕ್ಕೆ ಎಡೆಗೊಡುವಾಗ ಆತನು ಯಾವುದನ್ನು ಪ್ರಮಾಣವೆಂದು ಸ್ವೀಕರಿಸುವನೆಂಬುದು ಇದರಿಂದ ಬಯಲಾಗುತ್ತದೆ.

ಪ್ರಸಿದ್ಧವಾದ ಉದಾಹರಣೆ ‘ನ್ಯುಮೋನೋಅಲ್ಟ್ರಾಮೈಕ್ರೋಸ್ಕೋಪಿಕ್‌ಸಿಲಿಕೋವಾಲ್ಕೇನೋಕೋನಿಯೋಸಿಸ್’. ರೋಮನ್ ಲಿಪಿಯಲ್ಲಿ ಇದಕ್ಕೆ 45 ಅಕ್ಷರಗಳು. ಜ್ವಾಲಾಮುಖಿಯ ಅತಿಸೂಕ್ಷ್ಮವಾದ ಸಿಲಿಕಾ ಧೂಳಿನಿಂದ ಉಂಟಾಗುವ ಶ್ವಾಸಕೋಶದ ವ್ಯಾಧಿ ಎಂದು ಇದರ ಅರ್ಥ. 1935ರಲ್ಲಿ ಇದನ್ನು ನಿರ್ಮಿಸಿದವನು ವೈದ್ಯನಲ್ಲ; ಅಮೆರಿಕದ ಒಗಟುಪ್ರಿಯರ ಸಂಘದ ಅಧ್ಯಕ್ಷನಾಗಿದ್ದ ಎವೆರೆಟ್ ಸ್ಮಿತ್. ವೃತ್ತಪತ್ರಿಕೆಯಲ್ಲಿ ಪ್ರಕಟವಾದ ಈ ಪದವು 1939ರಲ್ಲಿ ವೆಬ್‌ಸ್ಟರ್ ನಿಘಂಟಿನ ಪುರವಣಿಯನ್ನೂ ಪ್ರವೇಶಿಸಿತು. ಇದರ ಒಂದೊಂದು ಅವಯವವೂ ಗ್ರೀಕ್ ಅಥವಾ ಲ್ಯಾಟಿನ್ ಮೂಲದ್ದೇ. ವ್ಯುತ್ಪತ್ತಿಯ ದೃಷ್ಟಿಯಿಂದ ಆಕ್ಷೇಪಿಸುವಂತಹುದೇನೂ ಇಲ್ಲ. ಆದರೆ ರೋಗಿಯ ವ್ಯಾಧಿಯನ್ನು ವೈದ್ಯರು ಈ ಹೆಸರಿನಿಂದ ಕರೆಯುವ ರೂಢಿಯಿಲ್ಲ. ನಮ್ಮ ಕೋಲಾರದ ಚಿನ್ನದ ಗಣಿಗಳ ಕಾರ್ಮಿಕರನ್ನು ಬಾಧಿಸಿದ ಧೂಳಿನ ರೋಗಕ್ಕೆ ವೈದ್ಯರು ಬರೆದ ಹೆಸರು ‘ಸಿಲಿಕೋಸಿಸ್’ ಎಂಬ ಚಿಕ್ಕ ಪದವೇ. ರೋಗವು ದಾರುಣ ಸತ್ಯ. ದೀರ್ಘನಾಮವು ಮಾತ್ರ ಒಂದು ಚಮತ್ಕಾರ. ಆಕ್ಸ್‌ಫರ್ಡ್ ನಿಘಂಟು ಇದಕ್ಕೆ ಸ್ಥಾನವನ್ನೇನೋ ಕೊಟ್ಟಿದೆ, ಆದರೆ ಕೃತಕಪದವೆಂಬ ಮುದ್ರೆಯನ್ನೊತ್ತಿಯೇ ಕೊಟ್ಟಿದೆ.

ಹಾಗೆಂದು ದೈರ್ಘ್ಯವೇ ದೋಷವೆನ್ನುವಂತಿಲ್ಲ. ‘ಸೂಡೊಸೂಡೊಹೈಪೊಪ್ಯಾರಾಥೈರಾಯ್ಡಿಸಂ’ ಎಂಬ 30 ಅಕ್ಷರಗಳ ಪದವನ್ನು ಕೇಳಿದವರು ನಗದಿರಲಾರರು. 1942ರಲ್ಲಿ ಫುಲ್ಲರ್ ಆಲ್‌ಬ್ರೈಟ್ ಮತ್ತು ಸಂಗಡಿಗರು ಒಂದು ಗ್ರಂಥಿವಿಕಾರದ ‘ಮಿಥ್ಯಾ’ ರೂಪವನ್ನು ವರ್ಣಿಸಿದರು. ಅದರ ದೇಹಲಕ್ಷಣಗಳಿದ್ದೂ ರಕ್ತದ ಕ್ಯಾಲ್ಸಿಯಂ ಸರಿಯಾಗಿಯೇ ಇರುವ ಮತ್ತೊಂದು ಸ್ಥಿತಿ ಕಂಡುಬಂದಾಗ, 1952ರಲ್ಲಿ ಅದನ್ನು ಮಿಥ್ಯೆಯ ಮಿಥ್ಯೆ ಎಂದು ಕರೆಯಬೇಕಾಯಿತು. ಎರಡನ್ನೂ ಬೇರ್ಪಡಿಸಿ ಹೇಳುವ ಅಗತ್ಯ ವೈದ್ಯರಿಗಿದೆ. ಆದುದರಿಂದ ಪದವೂ ಉಳಿದಿದೆ.

28 ಅಕ್ಷರಗಳ ‘ಆಂಟಿಡಿಸ್‌ಎಸ್ಟಾಬ್ಲಿಷ್‌ಮೆಂಟೇರಿಯನಿಸಂ’ ಇವೆರಡರ ನಡುವಿನದು. ಚರ್ಚಿಗೆ ರಾಜ್ಯವು ಕೊಟ್ಟಿರುವ ಅಧಿಕೃತ ಸ್ಥಾನವನ್ನು ತೆಗೆದುಹಾಕಬಾರದೆಂಬ ಪಕ್ಷವನ್ನು ಅದು ಸೂಚಿಸುತ್ತದೆ. ಐರ್ಲೆಂಡಿನ ಚರ್ಚಿನ ವಿಷಯದಲ್ಲಿ 1869ರ ಶಾಸನವು ಎಬ್ಬಿಸಿದ ವಿವಾದ ಸಾಮಾನ್ಯವಾದುದಲ್ಲ. ಅರ್ಥಕ್ಕೆ ಆಧಾರವಿದೆ, ಪ್ರಯೋಗ ಮಾತ್ರ ತೀರ ವಿರಳ. 1955ರಲ್ಲಿ ಅಮೆರಿಕದ ದೂರದರ್ಶನ ಸ್ಪರ್ಧೆಯೊಂದರಲ್ಲಿ 12 ವರ್ಷದ ಬಾಲಕಿಯೊಬ್ಬಳು ಇದರ ಅಕ್ಷರಗಳನ್ನು ತಪ್ಪಿಲ್ಲದೆ ಒಪ್ಪಿಸಿ ಬಹುಮಾನ ಗಳಿಸಿದಳು. ಅಲ್ಲಿ ಪದವನ್ನು ಉಚ್ಚರಿಸಲಾಯಿತೇ ಹೊರತು ಪ್ರಯೋಗಿಸಲಾಗಲಿಲ್ಲ. ನಮ್ಮ ವಿಚಾರಕ್ಕೆ ಈ ಭೇದವೇ ಮುಖ್ಯ.

ದೀರ್ಘಸಮಾಸಗಳ ಪರಿಚಯವುಳ್ಳ ಕನ್ನಡಿಗರಿಗೆ ಇದು ಹೊಸದಲ್ಲ. ಚಂಪೂಕವಿ ಹೆಣೆದ ಪ್ರತಿಯೊಂದು ಸಮಾಸವನ್ನೂ ನಾವು ನಿಘಂಟಿನಲ್ಲಿ ಅರಸುವುದಿಲ್ಲ. ಸಮಾಸವು ಸಾಧುವಾಗಿರಬಹುದು, ರೂಢಿಗೆ ಬಂದುದೆನ್ನುವಂತಿಲ್ಲ. ಟೈಟಿನ್ ಎಂಬ ಪ್ರೋಟೀನಿಗೆ ಇದೆಯೆನ್ನಲಾಗುವ 1,89,819 ಅಕ್ಷರಗಳ ರಾಸಾಯನಿಕ ನಾಮವೂ ಅಂತಹುದೇ: ಅದು ಬಿಡಿಸಿ ಓದಿದ ಸೂತ್ರ.

‘ಫ್ಲಾಕ್ಸಿನಾಸಿನಿಹಿಲಿಪಿಲಿಫಿಕೇಷನ್’ ಎಂಬ 29 ಅಕ್ಷರಗಳ ಪದವನ್ನೂ ಇಂದು ದೈರ್ಘ್ಯಕ್ಕಾಗಿಯೇ ಉದಾಹರಿಸುವುದುಂಟು. ಕ್ಷುದ್ರವಸ್ತುಗಳನ್ನು ಹೇಳುವ ನಾಲ್ಕು ಲ್ಯಾಟಿನ್ ಮಾತುಗಳನ್ನು ಪೋಣಿಸಿದ ಇದಕ್ಕೆ ನಮ್ಮ ‘ತೃಣೀಕರಣ’ ಸರಿಯಾದ ಸಂವಾದಿ. ಆದರೆ 1741ರಲ್ಲಿ ಕವಿ ವಿಲಿಯಂ ಶೆನ್‌ಸ್ಟನ್ ತನ್ನ ಪತ್ರವೊಂದರಲ್ಲಿ ಇದನ್ನು ಬರೆದುದು, ಒಬ್ಬನು ಹಣವನ್ನು ಲೆಕ್ಕಿಸದಿದ್ದ ಗುಣವನ್ನು ಮೆಚ್ಚಿ ಹೇಳುವುದಕ್ಕಾಗಿ.